ಮೊದಲ ಕಂತಿನಲ್ಲಿ ಕೆಂಪರಾಜು

ನಮ್ಮೂರಿನಲ್ಲಿ ಒಂದು ವಿಷಯದ ಮೇಲೆ ಒಬ್ಬರು ಒಂದು ಅಭಿಪ್ರಾಯ ಆಡಿಬಿಟ್ಟರೆ ಅದು ಅವರ ಪಾಲಿಗೆ ಹೋಯಿತು. ಅದನ್ನೇ ಇನ್ನೊಬ್ಬರು ಆಡಲು ಹೋದರೆ ತುಟಿ ಅಲ್ಲಾಡುತ್ತದೆ, ಗಾಳಿ ಬರುತ್ತದೆ, ಸದ್ದು ಬರುವುದಿಲ್ಲ. ಮಾತು ತಿರುಗಿಸಿ ಹೇಳಿದರೂ ನಡೆಯುವುದಿಲ್ಲ. ಬಸ್ಸು ಬಂತು ಎಂದು ನೂರು ಜನ ಕೂಗಬಹುದು; ಬಸ್ಸು ತಡ ಎನ್ನುವುದು ಮಾತ್ರ ಮೊದಲು ಗೊಣಗಿದವನದು. ಮದುವೆಮನೆಯಲ್ಲಿ ಎಲೆಯ ಮುಂದೆ ಕೂತವರು ತುತ್ತು ನುಂಗುವ ಮೊದಲೇ "ಪಾಯಸ ಚೆನ್ನಾಗಿದೆ" ಎಂದುಬಿಡುತ್ತಾರೆ. ತಡವಾದವರು ದ್ರಾಕ್ಷಿ ಹದವಾಗಿ ಹುರಿದಿದೆ, ಏಲಕ್ಕಿ ಸಿಪ್ಪೆ ಹಲ್ಲಿಗೆ ಸಿಗಲಿಲ್ಲ ಎಂದು ಏನಾದರೂ ಹುಡುಕಿಕೊಳ್ಳಬೇಕು. ಬಾಣಂತಿಯ ಮನೆಗೆ ಹೋದರೆ "ಮಗು ಮುದ್ದಾಗಿದೆ" ಎನ್ನುವುದನ್ನು ಸೂಲಗಿತ್ತಿಯೇ ಮುಗಿಸಿರುತ್ತಾಳೆ. ಬಂದವರು ಕಿವಿ, ಹಿಮ್ಮಡಿ, ಹುಬ್ಬು ಎಂದು ಹಂಚಿಕೊಂಡು ಹೊಗಳಿ ಎದ್ದು ಬರುತ್ತಾರೆ.

ಇದರಿಂದ ಊರಿಗೆ ಒಂದು ಬಗೆಯ ಹೆಸರೂ ಬಂದಿದೆ. ಬೇರೆ ಕಡೆ ನೂರು ಜನರನ್ನು ಕೇಳಿದರೆ ಎರಡೋ ಮೂರೋ ಅಭಿಪ್ರಾಯ ಸಿಗುತ್ತವಂತೆ, ನಮ್ಮಲ್ಲಿ ನೂರಕ್ಕೆ ನೂರು. ಹಾಗಾಗಿ ಹೊಸ ಸೋಪು, ಹೊಸ ಬಿಸ್ಕತ್ತು, ಹೊಸ ಧಾರಾವಾಹಿ ಏನೇ ಇರಲಿ, ಕಂಪನಿಯವರು ಮೊದಲು ಇಲ್ಲಿಗೆ ತರುತ್ತಾರೆ. ನೂರು ಚೀಟಿ ಹಂಚುತ್ತಾರೆ. ಚೀಟಿ ಸಿಕ್ಕವರು ಅಭಿಪ್ರಾಯ ಹೇಳಿ ಒಂದು ಸ್ಟೀಲ್ ಡಬ್ಬಿ ತೆಗೆದುಕೊಂಡು ಹೋಗುತ್ತಾರೆ. ನಮ್ಮೂರಿನ ಅಡುಗೆಮನೆಗಳಲ್ಲಿ ಬೇಳೆಗಿಂತ ಡಬ್ಬಿಗಳೇ ಹೆಚ್ಚು.

ನಾನು ಚೆನ್ನಾಜಮ್ಮ. ಪೇಟೆಬೀದಿಯ ಕೊನೆಯಲ್ಲಿ ನನ್ನ ಹಿಟ್ಟಿನ ಗಿರಣಿ ಇದೆ. ನನ್ನ ಗಂಡ ಕೆಂಪರಾಜು ಒಂಬತ್ತು ವರ್ಷದ ಹಿಂದೆ ಒಂದು ಮಂಗಳವಾರ, ಗಿರಣಿಗೆ ಹೊಸ ಬೆಲ್ಟು ತರುತ್ತೇನೆ ಎಂದು ಹೋದವನು ವಾಪಸು ಬರಲಿಲ್ಲ. ನಾನು ಹದಿನೈದು ದಿನ ಅಳುತ್ತ ಕೂತೆ. ನಾನು ಮಾಡಿದ ದೊಡ್ಡ ತಪ್ಪು ಅದೇ. ಆ ಹದಿನೈದು ದಿನ ಊರು ಬಾಯಿಗೆ ಬೀಗ ಹಾಕಿಕೊಂಡಿರಲಿಲ್ಲ. ಯಾವಳನ್ನೋ ಕಟ್ಟಿಕೊಂಡ ಎನ್ನುವುದನ್ನು ಹಾಲಿನ ಡೈರಿಯವನು ಹೇಳಿದ. ಕೆರೆಗೆ ಬಿದ್ದ ಎನ್ನುವುದನ್ನು ಪೋಸ್ಟ್‌ಮಾಸ್ತರರು ಹೇಳಿದರು. ನಾಟಕದ ಹುಚ್ಚು ಹಿಡಿದು ಹೋದ, ಶುದ್ಧ ಅಯೋಗ್ಯ, ಪಾಪ ಒಳ್ಳೆಯವನು, ಮಾಡಿದ್ದು ತಪ್ಪು, ಮಾಡಿದ್ದೇ ಸರಿ, ಎಲ್ಲವೂ ಒಬ್ಬೊಬ್ಬರ ಪಾಲಾದವು. ಹೆಂಡತಿಯ ಬಾಯಿ ತಡೆಯಲಾರದೆ ಹೋದ ಎಂದವನು ನನ್ನ ಸ್ವಂತ ಅಣ್ಣ. "ನನ್ ಮಗ ಬಂದೇ ಬತ್ತಾನೆ" ಎನ್ನುವುದನ್ನು ಅತ್ತೆ ದೊಡ್ಡತಾಯಮ್ಮ ಮೊದಲ ದಿನವೇ ಹಿಡಿದುಕೊಂಡಿದ್ದರು. ಬರುವುದಿಲ್ಲ ಎನ್ನುವುದನ್ನು ಎದುರುಮನೆಯವರು. ಕಣ್ಣೊರೆಸಿಕೊಂಡು ನಾನು ಬಾಯಿ ತೆರೆಯುವ ಹೊತ್ತಿಗೆ ನನಗೆ ಅಂತ ಒಂದೂ ಉಳಿದಿರಲಿಲ್ಲ. ಕಟ್ಟಿಕೊಂಡ ಗಂಡನನ್ನು ಬೈಯಲೂ ಮಾತಿಲ್ಲ, ಹೊಗಳಲೂ ಮಾತಿಲ್ಲ. ಒಂಬತ್ತು ವರ್ಷ ಯಾರಾದರೂ ಅವನ ಹೆಸರೆತ್ತಿದರೆ ನಾನು ಗಿರಣಿ ಚಾಲೂ ಮಾಡುತ್ತಿದ್ದೆ. ಆ ಸದ್ದಿನಲ್ಲಿ ಯಾರದೂ ಕೇಳಿಸುವುದಿಲ್ಲ.

ಕಳೆದ ಕಾರ್ತೀಕದಲ್ಲಿ ಒಂದು ಟಿವಿ ಚಾನೆಲ್ಲಿನವರು "ಇನ್ಸ್‌ಪೆಕ್ಟರ್ ಊರಲ್ಲಿಲ್ಲ" ಎಂಬ, ಮುಂದೆ ಪ್ರತಿ ಬುಧವಾರ ಏಳೂವರೆಗೆ ಬರಲಿದ್ದ ಧಾರಾವಾಹಿಯ ಮೊದಲ ಕಂತು ತಂದರು. ಜೊತೆಗೆ ಬಂದವಳು ಸಿಂಚನಾ ಎಂಬ ಹುಡುಗಿ, ಕೊರಳಿಗೆ ಗುರುತಿನ ಚೀಟಿ, ಕೈಯಲ್ಲಿ ಫಾರಮ್ಮುಗಳ ಕಟ್ಟು. ಸಂಜೆ ಆರಕ್ಕೆ ಸಮುದಾಯ ಭವನದಲ್ಲಿ ಬಿಳಿ ಪರದೆ ಕಟ್ಟಿದರು. ನನಗೆ ನೂರನೆಯ ಚೀಟಿ ಬಂದಿತ್ತು. ಕೊನೆಯ ಚೀಟಿ ಎಂದರೆ ಎಲ್ಲರೂ ಉಂಡು ಎದ್ದ ಮೇಲೆ ಪಾತ್ರೆ ಕೆರೆಯುವ ಕೆಲಸ. ಆದರೂ ಡಬ್ಬಿ ಡಬ್ಬಿಯೇ ಎಂದು ಅತ್ತೆಯನ್ನು ಕರೆದುಕೊಂಡು ಹೋದೆ.

ಕಥೆ ಇಷ್ಟು. ಒಬ್ಬ ಇನ್ಸ್‌ಪೆಕ್ಟರು ಚಿನ್ನ ಕಳ್ಳಸಾಗಣೆಯ ಗುಂಪಿನೊಳಗೆ ಮಾರುವೇಷದಲ್ಲಿ ನುಗ್ಗಬೇಕು. ಹೆಂಡತಿಗೆ ಟ್ರೈನಿಂಗ್ ಎಂದು ಸುಳ್ಳು ಹೇಳಿ, ಮೀಸೆ ಬೋಳಿಸಿ, ಆ ಗುಂಪಿನಲ್ಲಿ ಡ್ರೈವರ್ ಆಗಿ ಸೇರುತ್ತಾನೆ. ಪರದೆಯ ಮೇಲೆ ಇನ್ನೂ ಹೆಸರುಗಳು ಬರುತ್ತಿರುವಾಗಲೇ ಬಸ್‌ಸ್ಟ್ಯಾಂಡಿನ ಬೋರಲಿಂಗ ಎದ್ದು ನಿಂತು "ಚೆನ್ನಾಗದೆ" ಎಂದು ಕೂಗಿ ಕೂತ. ಎಲ್ಲದರಲ್ಲೂ ಚೆನ್ನಾಗಿದೆ ಎನ್ನುವುದು ಅವನದೇ. ಬದುಕಿನಲ್ಲಿ ಅವನು ಯಾವುದನ್ನೂ ಪೂರ್ತಿ ನೋಡಿ ಮೆಚ್ಚಿದ್ದನ್ನು ನಾನು ಕಂಡಿಲ್ಲ.

ಅರ್ಧ ಕಂತು ಕಳೆದ ಮೇಲೆ ಕಳ್ಳರ ಗೋಡೌನು ಬಂತು. ಎಲ್ಲರೂ ಊಟಕ್ಕೆ ಕೂತಿದ್ದಾರೆ. ಅಡುಗೆಯವನೊಬ್ಬ ಸಾರಿನ ಪಾತ್ರೆ ಹಿಡಿದು ಒಳಗೆ ಬಂದ. ಮಾಸಲು ಬನಿಯನ್ನು, ಹೆಗಲ ಮೇಲೆ ಚೌಕ. ಅತ್ತೆ ನನ್ನ ಮಂಡಿ ಹಿಡಿದರು.

"ಚೆನ್ನಾಜಿ, ನಮ್ ಕೆಂಪ ಅಲ್ವಾ ಅದು."

ಅವನೇ. ತಲೆಗೂದಲು ಮಾತ್ರ ಅವನದಲ್ಲ, ಯಾರದೋ ದಟ್ಟನೆಯ ಕೂದಲು ಅಂಟಿಸಿಕೊಂಡಿದ್ದ. ಕಳ್ಳರ ಯಜಮಾನ ಒಂದು ತುತ್ತು ಬಾಯಿಗಿಟ್ಟು, ಉಪ್ಪು ಹೆಚ್ಚಾಯಿತು ಎಂದು ಅವನ ಕೆನ್ನೆಗೆ ಬಾರಿಸಿದ. ಭವನದಲ್ಲಿ ಅರ್ಧ ಜನ ನಕ್ಕರು, ಉಳಿದರ್ಧ ಜನ ನನ್ನ ಕಡೆ ತಿರುಗಿದರು. ಅವನ ಅಡುಗೆಯ ಬಗ್ಗೆ ನನಗೆ ಗೊತ್ತಿದ್ದದ್ದು ಇಷ್ಟೇ: ಹತ್ತು ವರ್ಷದ ಸಂಸಾರದಲ್ಲಿ ಒಮ್ಮೆಯೂ ಒಲೆ ಹಚ್ಚಿರಲಿಲ್ಲ. ಕೊನೆಯ ದೃಶ್ಯದಲ್ಲಿ ಅದೇ ಅಡುಗೆಯವನು ಹೀರೋನ ಅಂಗಿ ಒಗೆಯಲು ಹಾಕುವಾಗ ಜೇಬಿನಲ್ಲಿ ಪೊಲೀಸ್ ಗುರುತಿನ ಚೀಟಿ ಸಿಗುತ್ತದೆ. ಅವನು ಅದನ್ನು ನೋಡುತ್ತಾನೆ, ಬಾಗಿಲಲ್ಲಿ ನಿಂತ ಹೀರೋ ಅವನನ್ನು ನೋಡುತ್ತಾನೆ, ಕಂತು ಮುಗಿಯುತ್ತದೆ.

ದೀಪ ಹಾಕುತ್ತಿದ್ದಂತೆ ಅತ್ತೆ ಎದ್ದು ನಿಂತು, "ಸೊರಗವ್ನೆ. ಅನ್ನ ಬೇಯ್ಸೋನ್ಗೆ ಅನ್ನ ಆಕಿಲ್ಲ ಇವ್ರು," ಎಂದರು. ಅವರಿಗೆ ಚೀಟಿ ಇರಲಿಲ್ಲ. ಆದರೂ ಸಿಂಚನಾ ಬರೆದುಕೊಂಡಳು.

ಮಾರನೆಯ ದಿನದಿಂದ ಅಭಿಪ್ರಾಯ ಪಡೆಯುವ ಕೆಲಸ ಶುರುವಾಯಿತು. ಮೂರು ದಿನ ಸಿಂಚನಾ ಭವನದ ಜಗಲಿಯಲ್ಲಿ ಮೇಜು ಹಾಕಿಕೊಂಡು ಕೂತಳು. ಗಿರಣಿಗೆ ಬಂದವರು ಅಲ್ಲಿಂದ ಸುದ್ದಿ ತರುತ್ತಿದ್ದರು. ಕ್ಷೌರದ ಅಂಗಡಿಯವನು, ಮೀಸೆ ತೆಗೆದರೇನಾಯಿತು, ಕಿವಿಯ ಮೇಲೆ ಪೊಲೀಸ್ ಕಟಿಂಗ್ ಹಾಗೇ ಇದೆ, ಯಾವ ಕಳ್ಳನಾದರೂ ಹಿಂದಿನಿಂದಲೇ ಗುರುತು ಹಿಡಿಯುತ್ತಾನೆ ಎಂದನಂತೆ. ಟೈಲರ್ ಜಬೀನಾ ಬಂದು, "ಕಳ್ಳರ ಅಂಗಿಯೆಲ್ಲ ಹೊಸದು ಕಣಕ್ಕ, ಮಡಿಕೆ ಗೆರೆ ಹಾಗೇ ಇತ್ತು. ಒಂದೇ ಅಂಗಡಿಲಿ ಒಂದೇ ಥಾನಿಂದ ಹೊಲಿಸಿದಾರೆ, ಅದನ್ನೇ ಹೇಳ್ಬಂದೆ," ಎಂದು ಡಬ್ಬಿ ತೋರಿಸಿದಳು. ಕಳ್ಳಸಾಗಣೆ ಮಾಡುವವರು ಇಷ್ಟು ಜೋರಾಗಿ ಮಾತಾಡಿದರೆ ಮಾರುವೇಷದವನು ಯಾಕೆ ಬೇಕು, ರಸ್ತೆಯಲ್ಲಿ ನಿಂತರೆ ಸಾಲದೇ ಎಂದು ಒಬ್ಬಳು ಕೇಳಿದಳಂತೆ. ಹೀರೋ ಅಳುವಾಗ ಮೂಗು ಕೆಂಪಾಗುವುದಿಲ್ಲ ಎಂದು ಇನ್ನೊಬ್ಬಳು. ನಿವೃತ್ತ ಮೇಷ್ಟರು ಅನಂತಯ್ಯ, "ಶೀರ್ಷಿಕೆಯಲ್ಲಿಯೇ ದೋಷವಿದೆ. ಇನ್ಸ್‌ಪೆಕ್ಟರು ಊರಲ್ಲಿಯೇ ಇದ್ದಾರೆ," ಎಂದು ಎರಡು ಪುಟ ಬರೆದುಕೊಟ್ಟರಂತೆ.

ಫಾರಮ್ಮಿನ ಕೊನೆಯಲ್ಲಿ ಇನ್ನೊಂದು ಪ್ರಶ್ನೆ ಇತ್ತು: ಗುಟ್ಟು ತಿಳಿದುಕೊಂಡ ಅಡುಗೆಯವನು ಮುಂದೆ ಏನಾಗಬೇಕು. ನೂರು ಜನ ಹೇಳಿದ್ದನ್ನು ನೋಡಿ ಆಮೇಲೆ ಬರೆಸುತ್ತಾರಂತೆ. ಊರು ಅದಕ್ಕೆ ಮುಗಿಬಿತ್ತು. ಹೀರೋ ಕೊಲ್ಲಲಿ, ಯಜಮಾನ ಕೊಲ್ಲಲಿ, ಸಾರಿನಲ್ಲಿ ವಿಷ ಹಾಕಿ ಎಲ್ಲರನ್ನೂ ಅವನೇ ಕೊಲ್ಲಲಿ, ಸಾಕ್ಷಿಯಾಗಲಿ, ಸನ್ಯಾಸಿಯಾಗಲಿ, ಲಾರಿ ಹತ್ತಿ ಊರಿಗೆ ಓಡಿಹೋಗಿ ಹೆಂಡತಿಯನ್ನು ಸೇರಲಿ.

ಎರಡನೆಯ ದಿನ ನಿವೃತ್ತ ಕಾನ್‌ಸ್ಟೇಬಲ್ ರಾಚಪ್ಪನವರ ಸರದಿ ಬಂತು. ಅವರು ಕುರ್ಚಿಯಲ್ಲಿ ಕೂತು, ಬೆತ್ತ ಮೊಣಕಾಲಿಗೆ ಒರಗಿಸಿ, ತಗ್ಗಿದ ದನಿಯಲ್ಲಿ ಹೇಳಿದರಂತೆ: "ನೋಡವ್ವ, ಇದು ಬರಕೊ. ಆ ಅಡುಗೆಯೋನು ಕೆಂಪರಾಜು ಇದಾನಲ್ಲ, ಅವನೇ ನಿಜವಾದ ಮಫ್ತಿ ಪೊಲೀಸು. ಒಂಬತ್ತು ವರ್ಷದ ಹಿಂದೆ ಡಿಪಾರ್ಟ್‌ಮೆಂಟು ಕರಕೊಂಡದೆ. ಈಗ ಸೀರಿಯಲ್‌ನೋರ ಒಳಗೆ ಬಿಟ್ಟವ್ರೆ. ಏನೋ ದೊಡ್ಡ ಕೇಸಿರಬೇಕು."

ಈ ಮಾತನ್ನು ಬೇರೆ ಯಾರೂ ಆಡುವಂತಿರಲಿಲ್ಲ. ಆದರೆ ತಲೆ ಅಲ್ಲಾಡಿಸುವುದಕ್ಕೆ ನಮ್ಮೂರಲ್ಲಿ ಅಡ್ಡಿಯಿಲ್ಲ. ಊರಿಗೆ ಊರೇ ತಲೆ ಅಲ್ಲಾಡಿಸಿತು. ಮಧ್ಯಾಹ್ನದ ಹೊತ್ತಿಗೆ ಗಿರಣಿಗೆ ಬಂದವರು ನನ್ನ ಮುಂದೆ ನಿಂತು ಸೆರಗು ಸರಿಮಾಡಿಕೊಳ್ಳತೊಡಗಿದರು. ಹಾಲಿನ ಡೈರಿಯವನು ರಾಗಿಯ ಚೀಲ ತಾನೇ ಹೊತ್ತು ಒಳಗಿಟ್ಟ. ನನ್ನ ಅಣ್ಣ ಮೂರು ವರ್ಷದ ಮೇಲೆ ಮನೆಗೆ ಬಂದ, ಬಾಳೆಹಣ್ಣಿನ ಚಿಪ್ಪಿನ ಸಮೇತ. ನಿನ್ನೆಯವರೆಗೆ ಗಂಡ ಬಿಟ್ಟವಳು, ಇವತ್ತು ಇಲಾಖೆಯ ಸೊಸೆ.

ಸುಳ್ಳು ಹೇಳುವುದಿಲ್ಲ, ನನಗೆ ಹಿತವಾಯಿತು. ರಾಚಪ್ಪನವರ ಮಾತು ನಂಬುವಂಥದ್ದಲ್ಲ ಎಂದು ಗೊತ್ತಿತ್ತು. ನಮ್ಮ ಮನೆಗೆ ಬೆಕ್ಕು ನುಗ್ಗಿದರೆ ಕೆಂಪರಾಜು ನನ್ನ ಹಿಂದೆ ನಿಲ್ಲುತ್ತಿದ್ದ. ಆದರೂ ಹಿಟ್ಟು ಜರಡಿ ಹಿಡಿಯುತ್ತ ನಾನು ಲೆಕ್ಕ ಹಾಕುತ್ತಿದ್ದೆ, ಹೀಗೇ ಸುಮ್ಮನೆ ಇದ್ದುಬಿಟ್ಟರೆ ಏನು ನಷ್ಟ. ದೇಶಕ್ಕಾಗಿ ಬಿಟ್ಟುಹೋದ ಗಂಡನ ಹೆಂಡತಿಗೆ ಯಾರೂ ಬಾಯಿ ಜಾಸ್ತಿ ಎನ್ನುವುದಿಲ್ಲ.

ಸಿಂಚನಾ ಸಂಜೆ ಗಿರಣಿಗೆ ಬಂದಳು. "ಆಂಟಿ, ನಾನು ಆಫೀಸಿಗೆ ಫೋನ್ ಮಾಡಿ ಹೇಳ್ಬಿಟ್ಟೆ, ನಮ್ ಅಡುಗೆಯವರ ಹೆಂಡತಿ ಇಲ್ಲೇ ಇದಾರೆ ಅಂತ. ಅವರು ನಾಳೆ ಬರ್ತಾರಂತೆ. ತಪ್ಪಾಯ್ತಾ?"

"ಬರೋನು ಬೆಳಿಗ್ಗೆ ಬರ್ತಾನೋ ಮಧ್ಯಾಹ್ನ ಬರ್ತಾನೋ ಕೇಳು," ಎಂದೆ. "ಬೆಳಿಗ್ಗೆ ನನಗೆ ಜನ ಜಾಸ್ತಿ."

ಮಧ್ಯಾಹ್ನ ಬಂದ. ಬಸ್ಸಿನಿಂದ ಇಳಿದವನನ್ನು ಬೋರಲಿಂಗ ಮೆರವಣಿಗೆಯಂತೆ ಕರೆದುಕೊಂಡು ಬಂದ, ಹಿಂದೆ ಮೂವತ್ತು ಜನ. ದಟ್ಟನೆಯ ಕೂದಲು ಇರಲಿಲ್ಲ, ಬೋಳುತಲೆ ಬಿಸಿಲಿಗೆ ಮಿರಿಮಿರಿ ಎನ್ನುತ್ತಿತ್ತು. ರಾಚಪ್ಪನವರು ದಾರಿಯಲ್ಲೇ ಅವನಿಗೆ ಸೆಲ್ಯೂಟ್ ಹೊಡೆದಿದ್ದರಂತೆ. ಯಾಕೆಂದು ಯಾರೋ ಕಿವಿಯಲ್ಲಿ ಹೇಳಲು ಹೋಗಿ ಗಾಳಿ ಊದಿದ್ದರು, ಕೊನೆಗೆ ರಾಚಪ್ಪನವರೇ ಹೇಳಿದ್ದರು. ಗಿರಣಿಯ ಬಾಗಿಲಿಗೆ ಬರುವಾಗ ಅವನ ನಡಿಗೆಯೇ ಬದಲಾಗಿತ್ತು. ಎದೆ ಮುಂದೆ, ಕೈ ಹಿಂದೆ.

ಅತ್ತೆ ಅವನ ಕೆನ್ನೆ ಸವರಿ, ಅದೇ ಕೆನ್ನೆಗೆ ಒಂದು ಬಿಟ್ಟು, ಒಳಗೆ ಹೋಗಿ ಎಲೆ ಹಾಕಿದರು. ಬರುತ್ತಾನೆ ಎಂದು ಒಂಬತ್ತು ವರ್ಷ ಹೇಳಿದ್ದ ಹೆಂಗಸು, ಬಂದವನು ಉಂಡು ಮುಗಿಸುವವರೆಗೆ ಅವನ ಮುಂದೆ ಬೀಸಣಿಗೆ ಬೀಸುತ್ತ ಕೂತಿದ್ದರು. ನಾನು ಗಿರಣಿ ನಿಲ್ಲಿಸಿ, ಜನರನ್ನು ಹೊರಗೆ ಕಳಿಸಿ, ಬಾಗಿಲು ಮುಂದೆ ಮಾಡಿ ಅವನ ಎದುರು ಕೂತೆ.

"ಹೇಳು," ಎಂದೆ.

ಅವನು ಗಂಟಲು ಸರಿಮಾಡಿಕೊಂಡ. ಮುಖ ಗಂಭೀರ ಮಾಡಿದ. ರಾಚಪ್ಪನವರು ಕೊಟ್ಟ ಕೆಲಸವನ್ನೇ ಒಪ್ಪಿಕೊಳ್ಳಲು ಹೊರಟಿದ್ದಾನೆ ಎಂದು ನನಗೆ ಗೊತ್ತಾಯಿತು. ತುಟಿ ಅಲ್ಲಾಡಿತು, ಗಾಳಿ ಬಂತು. ಹೊರಗೆ ಇದ್ದೂ ಇದ್ದೂ ಊರಿನ ಕ್ರಮ ಮರೆತಿದ್ದ. ಆಮೇಲೆ ನಾಟಕದ ವಿಷಯ ಎತ್ತಲು ಹೋದ, ಗಾಳಿ. ನನ್ನತ್ತ ಬೆರಳು ತೋರಿಸಿ ಬಾಯಿ ತೆರೆದ. ಅದು ನನ್ನ ಅಣ್ಣನದು, ಹೊರಡಲಿಲ್ಲ. ಕೈಮುಗಿದ, ಕಣ್ಣಲ್ಲಿ ನೀರು ತಂದುಕೊಂಡ, ಮಾಡಿದ್ದು ತಪ್ಪು ಎಂದು ಹೇಳುತ್ತಿದ್ದನೆಂದು ತುಟಿ ನೋಡಿದರೆ ತಿಳಿಯುತ್ತಿತ್ತು. ಸದ್ದಿಲ್ಲ. ಒಬ್ಬ ಗಂಡ ಹೇಳಬಹುದಾದ ಅಷ್ಟೂ ನೆಪಗಳನ್ನು ಊರು ಆಗಲೇ ಉಪಯೋಗಿಸಿ ಮುಗಿಸಿತ್ತು. ನನಗೆ ನಗು ಬಂತು. ಅವನು ಬೆವರು ಒರೆಸಿಕೊಂಡ.

"ಬಸ್ಸಲ್ಲಿ ನಿದ್ದೆ ಹೋಗ್ಬುಟ್ಟೆ," ಎಂದ ಕೊನೆಗೆ. ದನಿ ಸ್ಪಷ್ಟವಾಗಿ ಬಂತು. ಅವನೇ ಬೆಚ್ಚಿದ.

"ಏನು?"

"ಅವತ್ತು. ಬಸ್ಸಲ್ಲಿ ನಿದ್ದೆ ಬಂತು. ಎಚ್ಚರಾದಾಗ ಇಳಿಯೋ ಊರು ದಾಟೋಗಿತ್ತು. ಇಳಿಯಾನ ಅಂತ ಎದ್ದೆ ಚೆನ್ನಾಜಿ. ಎದ್ದು ನಿಂತ್ಕಂಡು ನೋಡ್ತೀನಿ, ಬಸ್ಸಲ್ಲಿ ಒಬ್ರೂ ಗುರ್ತಿನೋರಿಲ್ಲ. ನನ್ನ ಬಗ್ಗೆ ಒಬ್ರಿಗೂ ಒಂದು ಅಭಿಪ್ರಾಯ ಇಲ್ಲ. ಮುಂದಿನ ಸ್ಟಾಪಲ್ಲಿ ಇಳಿಯಾನ ಅಂದ್ಕಂಡೆ. ಅದೂ ಹೋಯ್ತು. ಆಮೇಲೆ ಆಮೇಲೆ ವಾಪಸ್ ಬರಕ್ಕೆ ನಾಚಿಕೆ ಆಯ್ತು."

"ಒಂಬತ್ತು ವರ್ಷ."

"ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ ಆಗ್ತಿತ್ತು, ನಾಚಿಕೆ."

ಇದು ನಿಜವೇ ಇರಬೇಕು. ಒಂಬತ್ತು ವರ್ಷದಲ್ಲಿ ಇಡೀ ಊರಿನಲ್ಲಿ ಒಬ್ಬರಿಗೂ ಹೊಳೆಯದಿದ್ದಷ್ಟು ದಡ್ಡ ಕಾರಣ ಅದು. ನಾನು ಎಷ್ಟೋ ರಾತ್ರಿ ಆ ಇನ್ನೊಬ್ಬಳ ಮುಖ ಊಹಿಸಿ ಅವಳ ಜುಟ್ಟು ಹಿಡಿದಿದ್ದೆ. ಪಾಪ, ಅವಳು ಇರಲೇ ಇಲ್ಲ. ಸಿಟ್ಟು ಬಂತು, ಆದರೆ ಅದು ಎಲ್ಲಿ ಕೂರಬೇಕೆಂದು ಗೊತ್ತಾಗದೆ ಹಾಗೇ ಇಳಿದುಹೋಯಿತು.

ಅವನು ಬಂದ ಕೆಲಸ ಆಮೇಲೆ ಹೊರಬಿತ್ತು. "ನಿನ್ನದು ಕೊನೇ ಚೀಟಿಯಂತೆ," ಎಂದ. "ಇಲ್ಲೀಗಂಟ ಬರಕೊಟ್ಟಿರದ್ರಲ್ಲಿ ನಲವತ್ತು ಜನ ನನ್ನ ಸಾಯಿಸಿ ಅಂದವ್ರಂತೆ, ನಲವತ್ತು ತರ. ಅಡುಗೆಯೋನ ಹೆಂಡ್ತಿ ಇವಳು ಅಂತ ಆಫೀಸಲ್ಲಿ ಎಲ್ರಿಗೂ ಗೊತ್ತಾಗದೆ. ನಿನ್ನ ಮಾತಿಗೆ ಬೆಲೆ ಕೊಡ್ತಾರೆ. ಒಂದ್ ಒಳ್ಳೆ ಮಾತು ಹೇಳು. ಎಂಟು ವರ್ಷ ಪರದೆ ಎಳೆದು, ಕುರ್ಚಿ ಹೊತ್ತು, ಈಗ ಒಂದು ಪಾತ್ರ ಸಿಕ್ಕದೆ. ಏಟು ತಿನ್ನೋದಾದ್ರೂ ಸೈ."

"ನಿಂಗೆ ಈ ಕೆಲಸ ಇಷ್ಟವಾ?"

"ಇಷ್ಟ," ಎಂದ. ಅಷ್ಟು ಬೇಗ ಅವನು ಯಾವುದಕ್ಕೂ ಉತ್ತರ ಕೊಟ್ಟಿದ್ದನ್ನು ನಾನು ನೋಡಿರಲಿಲ್ಲ.

"ಅದು ಕೆಟ್ಟೋದ್ರೆ ಇಲ್ಲಿಗೆ ಬರ್ತೀಯ?"

ಅವನು ಗಿರಣಿ ನೋಡಿದ, ಹಿಟ್ಟು ಹಿಡಿದ ಗೋಡೆ ನೋಡಿದ, ನನ್ನನ್ನು ನೋಡಿದ. "ನೀನು ಬಾ ಅಂದ್ರೆ ಬತ್ತೀನಿ," ಎಂದ. ಎಲ್ಲಿ ಬಾ ಎಂದುಬಿಡುತ್ತೇನೋ ಎಂಬ ಭಯದಲ್ಲಿ ನಾನು ಒಂದು ಲೋಟ ನೀರು ಕುಡಿದೆ.

ಭವನದ ಜಗಲಿಗೆ ಹೋದಾಗ ಊರೆಲ್ಲ ಅಲ್ಲಿತ್ತು. ನಾನು ಕುರ್ಚಿಯಲ್ಲಿ ಕೂತೆ. ಕೆಂಪರಾಜು ಕಂಬದ ಹಿಂದೆ ನಿಂತ, ಅತ್ತೆ ಅವನ ಅಂಗಿಯ ತುದಿ ಹಿಡಿದುಕೊಂಡಿದ್ದರು. ರಾಚಪ್ಪನವರು ನನ್ನತ್ತ ಕಣ್ಣು ಮಿಟುಕಿಸಿ, ಗುಟ್ಟು ಬಿಡಬೇಡ ಎಂಬಂತೆ ಬೆರಳು ತುಟಿಗಿಟ್ಟರು.

"ಮೊದಲು ಒಂದು ಹೇಳ್ತೀನಿ, ಇದು ಅಭಿಪ್ರಾಯ ಅಲ್ಲ," ಎಂದೆ. "ನನ್ನ ಗಂಡ ಬಸ್ಸಲ್ಲಿ ನಿದ್ದೆ ಹೋಗಿದ್ದ. ಅಷ್ಟೇ ಆಗಿದ್ದು. ಸೆಲ್ಯೂಟ್ ಹೊಡೆದೋರು ವಾಪಸ್ ತಗೊಳ್ಳಿ."

ನನ್ನ ಅಣ್ಣ ಹಿಂದಿನ ಸಾಲಿಗೆ ಸರಿದ. ಬಾಳೆಹಣ್ಣು ಆಗಲೇ ತಿಂದಾಗಿತ್ತು, ಆ ಮಟ್ಟಿಗೆ ನನಗೆ ಲಾಭ.

"ಆಯ್ತು ಆಂಟಿ," ಎಂದಳು ಸಿಂಚನಾ, ಪೆನ್ನು ಹಿಡಿದು. "ಅಡುಗೆಯವರು ಮುಂದೆ ಏನಾಗಬೇಕು? ತೊಂಬತ್ತೊಂಬತ್ತು ಆಗೋಗಿದೆ, ನಿಮಗೆ ಏನು ಉಳಿದಿದೆಯೋ ಗೊತ್ತಿಲ್ಲ."

ನಾನು ಬಾಯಿ ತೆರೆದೆ. ಒಂಬತ್ತು ವರ್ಷದಿಂದ ಅವನ ವಿಷಯಕ್ಕೆ ಬಾಯಿ ತೆರೆದಾಗಲೆಲ್ಲ ಗಾಳಿಯೇ ಬಂದಿದ್ದರಿಂದ, ನನ್ನ ದನಿ ಕೇಳಿ ನನಗೇ ಬೇರೆ ಯಾರೋ ಮಾತಾಡಿದಂತಾಯಿತು.

"ಏನೂ ಆಗೋದು ಬೇಡ. ಅಲ್ಲೇ ಅಡುಗೆ ಮಾಡ್ಕೊಂಡಿರಲಿ. ಸಾಯಿಸಬೇಡಿ, ಮನೆಗೂ ಕಳಿಸಬೇಡಿ."

ಎಲ್ಲರೂ ತಿರುವು ಹುಡುಕಿದ್ದರು. ಇದ್ದ ಹಾಗೆ ಇರಲಿ ಎನ್ನುವುದು ಯಾರಿಗೂ ಬೇಕಾಗಿರಲಿಲ್ಲ. ಸಿಂಚನಾ ಬರೆದುಕೊಂಡು, ಕಾರಣ ಎಂಬ ಜಾಗಕ್ಕೆ ಬೆರಳಿಟ್ಟಳು.

"ನಂಗೆ ಅವನು ಮನೇಲಿ ಬೇಕಾಗಿಲ್ಲ ಮಗಾ," ಎಂದೆ. "ಎಲ್ಲಿದಾನೆ ಅಂತ ಗೊತ್ತಿದ್ರೆ ಸಾಕು. ಬುಧವಾರ ಏಳೂವರೆಗೆ ಟಿವಿ ಹಾಕಿದರೆ ಅಲ್ಲಿರಬೇಕು. ಇನ್ನೊಂದು ಬರಕೊ. ಏಟು ತಿಂದ ಮೇಲೆ ಅವನು ಸಾರಿನ ಪಾತ್ರೆ ಕೆಳಗಿಡಲ್ಲ, ಹಾಗೇ ಹಿಡ್ಕೊಂಡು ನಿಲ್ತಾನಲ್ಲ, ಅದು ಯಾರು ಹೇಳಿಕೊಟ್ರೋ ಕಾಣೆ. ಅದೊಂದನ್ನು ನಾನು ಮೆಚ್ಚಿದೆ."

"ಯಾರೂ ಹೇಳಿಕೊಟ್ಟಿಲ್ಲ," ಎಂದ ಕೆಂಪರಾಜು ಕಂಬದ ಹಿಂದಿನಿಂದ.

ಸಂಜೆಯ ಬಸ್ಸಿಗೆ ಅವನು ಹೋದ. ನಿದ್ದೆ ಮಾಡಬೇಡ ಎಂದು ಅತ್ತೆ ಕಿಟಕಿಯ ಹತ್ತಿರ ನಿಂತು ನಾಲ್ಕು ಸಲ ಹೇಳಿದರು. ಅದು ಅಭಿಪ್ರಾಯವಲ್ಲವಾದ್ದರಿಂದ ಬೋರಲಿಂಗನೂ ಹೇಳಿದ, ಕಂಡಕ್ಟರೂ ಹೇಳಿದ.

ಚಾನೆಲ್ಲಿನವರು ನನ್ನ ಮಾತು ಕೇಳಿದರೋ, ನಲವತ್ತು ಸಾವುಗಳಲ್ಲಿ ಯಾವುದನ್ನು ಆರಿಸುವುದೆಂದು ತಿಳಿಯದೆ ಬಿಟ್ಟರೋ, ಅಡುಗೆಯವನು ಸಾಯಲಿಲ್ಲ. ಈಗ ನಲವತ್ತನೆಯ ಕಂತು ನಡೆಯುತ್ತಿದೆ. ಬುಧವಾರ ಏಳೂವರೆಗೆ ನಾನೂ ಅತ್ತೆಯೂ ಕೂರುತ್ತೇವೆ. ಅವನು ಬರುತ್ತಾನೆ, ಬಡಿಸುತ್ತಾನೆ, ಕೆಲವು ವಾರ ಏಟು ತಿನ್ನುತ್ತಾನೆ, ಕೆಲವು ವಾರ ಬರೀ ಬೈಗುಳ. ಪಾತ್ರೆ ಎತ್ತಿಕೊಂಡು ಅವನು ಬಾಗಿಲ ಆಚೆ ಹೋದ ಕೂಡಲೇ ನಾನು ಎದ್ದು ಟಿವಿ ಆರಿಸುತ್ತೇನೆ. ಆ ಇನ್ಸ್‌ಪೆಕ್ಟರ್ ಸಿಕ್ಕಿಬಿದ್ದನೋ ಇಲ್ಲವೋ ನನಗೆ ಈವರೆಗೂ ಗೊತ್ತಿಲ್ಲ.